ಕಿವಿಯ ಕೆಳಗಿನ ಸುಣ್ಣ

ಈಗಲೂ ಎಲ್ಲಾದರೂ ಬಿಗಿಯಾಗಿ ಎಳೆದು ಕಟ್ಟಿದ ದಾರ ಕಂಡರೆ ನನ್ನ ಬಲಗೈಯ ಮೂರು ಬೆರಳು ತಾವಾಗಿ ಮಡಿಚಿಕೊಳ್ಳುತ್ತವೆ. ಬಟ್ಟೆ ಒಣಹಾಕುವ ಹಗ್ಗವಾದರೂ ಅಷ್ಟೆ. ಆ ಗುಂಡಿ, ಅದರ ಎದುರು ಗೋಡೆ, ಗೋಡೆಗೆ ಬೆನ್ನು ಕೊಟ್ಟು ನಿಂತ ಮನುಷ್ಯ, ಮೂರೂ ಒಟ್ಟಿಗೆ ಕಣ್ಣಮುಂದೆ ಬರುತ್ತವೆ. ನೆನಪಿನಲ್ಲಿ ನನ್ನ ಕೊನೆಯ ಬಾಣ ಪ್ರತಿ ಸಲವೂ ಎಡಕ್ಕೆ ಹೋಗಿ ಆ ಮನುಷ್ಯನಿಗೆ ತಗಲುತ್ತದೆ. ನಿಜವಾಗಿ ಅದು ಎಡಕ್ಕೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂಬುದನ್ನು ಬರೆದಿಡಬೇಕೆಂದು ಕುಳಿತಿದ್ದೇನೆ.

ಬಂಗಾರಪೇಟೆಯನ್ನು ಆಗಿನ್ನೂ ಬೌರಿಂಗ್‌ಪೇಟೆ ಎನ್ನುತ್ತಿದ್ದರು. ಬೆಳಿಗ್ಗೆ ಅಲ್ಲಿ ರೈಲು ಹತ್ತಿ, ಮಾರಿಕುಪ್ಪಂನಲ್ಲಿ ಇಳಿದು, ಗಣಿಯೊಂದರ ಸರ್ವೆ ಆಫೀಸಿಗೆ ನಡೆದು ಹೋಗುತ್ತಿದ್ದೆ. ನನ್ನ ಕೆಲಸ ನಕ್ಷೆ ಎಳೆಯುವುದು. ಬಿಲ್ಲು ಬಾಣ ಆ ಕೆಲಸದೊಳಕ್ಕೆ ಬಂದದ್ದು ಒಂದು ಹಳೆಯ ಗುಂಡಿಯಿಂದ.

ನಮಗಿಂತ ಎಷ್ಟೋ ಹಿಂದಿನವರು ಚಿನ್ನಕ್ಕಾಗಿ ಮೇಲಿನಿಂದಲೇ ಅಗೆದು ಬಿಟ್ಟುಹೋದ ಗುಂಡಿ ಅದು. ಅಡ್ಡ ಅಗಲ ನೂರು ಅಡಿ. ತಳದಲ್ಲಿ ಹಸಿರು ನೀರು. ಅದರ ಕೆಳಗೆ, ಬಹಳ ಆಳದಲ್ಲಿ, ಈಗಿನ ಸುರಂಗಗಳು. ಆಳದಲ್ಲಿ ಬಂಡೆ ತಾನಾಗಿ ಸಿಡಿದರೆ ಮೇಲಿನ ಮನೆಗಳಲ್ಲಿ ಪಾತ್ರೆ ಉರುಳುತ್ತಿದ್ದವು; ಗಣಿಯವರು ಅದನ್ನು ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಅಂಥದೊಂದು ಸಿಡಿತದ ಮರುದಿನ ಗುಂಡಿಯ ಆಚೆ ದಡದಲ್ಲಿ ಬಿರುಕು ಕಾಣಿಸಿತು. ಎರಡೂ ದಡದಲ್ಲಿ ಕಬ್ಬಿಣದ ಗೂಟ ಹೂಳಿ, ವಾರಕ್ಕೊಮ್ಮೆ ನಡುವೆ ಉಕ್ಕಿನ ತಂತಿ ಎಳೆದು, ಅಂತರ ಎಷ್ಟು ಬದಲಾಗಿದೆ ಎಂದು ಅಳೆಯಬೇಕೆಂದು ನಮ್ಮ ಸರ್ವೇಯರ್ ದೊರೆ ಹೇಳಿದರು.

ತಂತಿಯನ್ನು ಆಚೆಗೆ ದಾಟಿಸುವುದೇ ಕಷ್ಟ. ದಾರ ಹಿಡಿದು ಸುತ್ತಿಕೊಂಡು ಹೋಗೋಣವೆಂದರೆ ಒಂದು ತುದಿಗೆ ಹಳೆಯ ಕಾರ್ಖಾನೆಯ ಎತ್ತರದ ಗೋಡೆ, ಇನ್ನೊಂದು ತುದಿಗೆ ಗಣಿಯ ಮಣ್ಣಿನ ದೊಡ್ಡ ದಿಬ್ಬ. ಕಲ್ಲಿಗೆ ದಾರ ಕಟ್ಟಿ ಎಸೆದೆವು. ಅರ್ಧಕ್ಕೇ ಬಿತ್ತು. ಮರುದಿನ ದೊರೆ ಕ್ಲಬ್ಬಿನ ಉಗ್ರಾಣದಿಂದ ಒಂದು ಬಿಲ್ಲು, ಎಂಟು ಬಾಣ ತಂದು ನನ್ನ ಮೇಜಿನ ಮೇಲಿಟ್ಟರು. ಹಿಂದೊಮ್ಮೆ ದೊರೆಸಾನಿಯರು ಹುಲ್ಲಿನ ಮೇಲೆ ಆಡಿ ಬಿಟ್ಟದ್ದು. ‘ನನ್ನ ಭುಜ ಕೆಟ್ಟಿದೆ. ನೀವು ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವರಲ್ಲವೆ?’ ಎಂದರು.

ಬಾಣ ಯಾವ ವಕ್ರರೇಖೆಯಲ್ಲಿ ಹಾರುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಬೆರಳುಗಳಿಗೆ ಗೊತ್ತಿರಲಿಲ್ಲ.

ಏರ್ಪಾಡು ಹೀಗಿತ್ತು. ಬಾಣದ ಹಿಂಭಾಗಕ್ಕೆ ಸಣ್ಣ ರೇಷ್ಮೆ ದಾರ. ದಾರ ಸಿಕ್ಕಾಗದಂತೆ ರಾಗಿ ಕೇರುವ ಮೊರದಲ್ಲಿ ಎರಡು ಸಾಲು ಕಡ್ಡಿ ಸಿಕ್ಕಿಸಿ, ಅವುಗಳ ನಡುವೆ ಹಾವಿನಂತೆ ಅತ್ತಿತ್ತ ಹಾಸುತ್ತಿದ್ದೆವು. ಆಚೆ ದಡದಲ್ಲಿ ಸುಣ್ಣ ಬಳಿದ ಎರಡು ಗೂಟ, ನಡುವೆ ಹುಲ್ಲಿನ ಹೊರೆ. ಬಾಣ ಅಲ್ಲಿಗೆ ಬಿದ್ದರೆ ಆಚೆ ನಿಂತ ಚೈನ್‌ಮ್ಯಾನ್, ಎಂದರೆ ಅಳತೆಯ ಸರಪಳಿ ಹಿಡಿಯುವವರು, ದಾರ ಎಳೆದುಕೊಳ್ಳಬೇಕು. ದಾರದ ಹಿಂದೆ ಹುರಿ, ಹುರಿಯ ಹಿಂದೆ ತಂತಿ.

ಬಾಣ ಅಲ್ಲಿಗೆ ಬೀಳುತ್ತಿರಲಿಲ್ಲ. ಹತ್ತು ಸಲ ಬಿಟ್ಟರೆ ಏಳು ಸಲ ಎಡಕ್ಕೆ ಹೋಗಿ ಗುಂಡಿಯ ಕಲ್ಲುಗೋಡೆಗೆ ಬಡಿಯುತ್ತಿತ್ತು. ಬಲಕ್ಕೆ ಗುರಿಯಿಟ್ಟು ಸರಿಪಡಿಸಲು ನೋಡಿದೆ. ಅಂದು ನೆಟ್ಟಗೆ ಬಲಕ್ಕೇ ಹೋಯಿತು. ತಪ್ಪು ಒಂದೇ ತರಹ ಇದ್ದರೆ ತಿದ್ದಬಹುದು. ನನ್ನದು ದಿನಕ್ಕೊಂದು ತರಹ. ಬಿಲ್ಲಿನ ಹೆದೆ ಎಡ ಮುಂಗೈಗೆ ಬಡಿದು ಬಾಸುಂಡೆ ಬಂತು. ಎರಡು ವಾರದಲ್ಲಿ ಐದು ಬಾಣ ಬಂಡೆಗೆ ಬಡಿದು ಸೀಳಿಹೋದವು. ಹಗ್ಗ, ಮರದ ಕೆಲಸ ನೋಡಿಕೊಳ್ಳುತ್ತಿದ್ದ ತಮಿಳು ಮೇಸ್ತ್ರಿ ನನ್ನನ್ನು ‘ಅಂಬು ಸಾರ್’ ಎಂದು ಕರೆಯತೊಡಗಿದ. ‘ಅಂಬು ಸಾರ್, ಇನ್ನಿಕ್ಕಿ, ಇವತ್ತು, ಯಾವ ಕಡೆ? ಹೇಳಿಬಿಡಿ, ನಾವು ಇನ್ನೊಂದು ಕಡೆ ನಿಲ್ತೀವಿ!’ ಕೂಲಿಯವರೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಹಲ್ಲು ಕಚ್ಚಿಕೊಂಡು.

ಆಚೆ ದಡದಲ್ಲಿ ನಿಲ್ಲುತ್ತಿದ್ದ ಚೈನ್‌ಮ್ಯಾನ್ ಕ್ಯಾಸಂಬಳ್ಳಿ ಕಡೆಯ ಗೌಡರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಮನೆಯಲ್ಲಿ ಹೊಲ, ಹಸು. ಗಣಿಯಲ್ಲಿ ಅಳತೆಯ ಸರಪಳಿ. ಅವರೊಬ್ಬರೇ ನಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಮುದ್ದೆಯ ಬುತ್ತಿ ಬಿಚ್ಚಿ ನನ್ನ ಪಕ್ಕ ಕುಳಿತು ಹೇಳಿದರು:

‘ಸೋಮಿ, ಒಂದ್ ಮಾತು. ನೀವು ಬಿಲ್ ದಾರ ಬುಡಾಕಿಲ್ಲ. ಕಿತ್ತಾಕ್ತೀರ.’

‘ಎರಡೂ ಒಂದೇ ಅಲ್ಲವೇ ಗೌಡ್ರೇ?’

‘ಎಲ್ ಒಂದಾಯ್ತದೆ? ಆಫೀಸ್ನಾಗೆ ನೋಡೀವ್ನಿ. ಗೆರೆ ಎಳ್ದು ಕೊನೇಗೆ ಪೆನ್ನು ಇಂಗೆ ಚಿಮ್ಮುಸ್ತೀರಲ್ಲ, ಅದೇ ಕೈ ಇಲ್ಲೂ ಬತ್ತದೆ.’

ನಕ್ಷೆಯ ಮಸಿ ಗೆರೆ ಎಳೆಯುವಾಗ ಕೊನೆಯಲ್ಲಿ ಪೆನ್ನು ಒಂದು ಕ್ಷಣ ತಡೆದರೂ ಮಸಿ ಗುಂಡಗೆ ನಿಂತುಬಿಡುತ್ತದೆ. ಅದಕ್ಕೇ ತುದಿ ಮುಟ್ಟುತ್ತಿದ್ದಂತೆ ಕೈಯನ್ನು ಹೊರಕ್ಕೆ ಚಿಮ್ಮಿಸಿ ಎತ್ತಬೇಕು. ಆ ಚಿಮ್ಮು ಕಲಿಯಲು ನನಗೆ ಮೂರು ವರ್ಷ ಹಿಡಿದಿತ್ತು. ಅದಕ್ಕಾಗಿ ದೊರೆಯಿಂದ ಹೊಗಳಿಸಿಕೊಂಡಿದ್ದೆ. ಬಾಣ ಬಿಡುವಾಗಲೂ ನನ್ನ ಬಲಗೈ ಕೆನ್ನೆಯಿಂದ ಹೊರಕ್ಕೆ ಹಾರುತ್ತಿತ್ತು. ಹೆದೆ ಅಷ್ಟು ಬಲಕ್ಕೆ ಸೆಳೆದುಕೊಂಡು ಹೋಗಿ, ಬಾಣ ಎಡಕ್ಕೆ ತಿರುಗುತ್ತಿತ್ತು. ನನ್ನ ಕಸುಬಿನ ಒಳ್ಳೆಯ ಗುಣವೇ ಇಲ್ಲಿ ರೋಗವಾಗಿತ್ತು.

ಗೌಡರು ತಮ್ಮ ಎಡಗೈ ಹೆಬ್ಬೆರಳು ತೋರಿಸಿದರು. ಉಗುರು ಸೊಟ್ಟಗೆ ಬೆಳೆದಿತ್ತು. ಹೊಲದಲ್ಲಿ ಗಿಳಿ ಓಡಿಸಲು ಅವರು ಬಿದಿರು ಬಿಲ್ಲಿನಲ್ಲಿ ಬಾಣದ ಬದಲು ಮಣ್ಣಿನ ಉಂಡೆ ಇಟ್ಟು ಹೊಡೆಯುತ್ತಿದ್ದರಂತೆ. ಬಿಡುವುದು ತಪ್ಪಿದರೆ ಉಂಡೆ ಗಿಳಿಯ ಬದಲು ಬಿಲ್ಲು ಹಿಡಿದ ಹೆಬ್ಬೆರಳಿಗೇ ಬಡಿಯುತ್ತದೆ.

‘ಇದೇ ನನ್ ಮೇಷ್ಟ್ರು’ ಎಂದು ಆ ಬೆರಳನ್ನು ಆಡಿಸಿದರು. ‘ನಿಮಗೆ ಒದೆ ಕೊಡೋರು ಯಾರೂ ಇಲ್ಲ, ಅದಕ್ಕೇ ಕಲೀಲಿಲ್ಲ. ಭಾನ್ವಾರ ಮನೆ ತಾವ ಬನ್ನಿ. ನಮ್ ಕೆಂಪಿ ಅವ್ಳೆ.’

ಕೆಂಪಿ ಅವರ ಹಸು. ಭಾನುವಾರ ಸೈಕಲ್ಲು ತುಳಿದುಕೊಂಡು ಹೋದೆ. ಕೊಟ್ಟಿಗೆಯಲ್ಲಿ ನನ್ನನ್ನು ಕೂರಿಸಿ, ಮೊಣಕಾಲ ನಡುವೆ ಚೆಂಬು ಇಟ್ಟುಕೊಟ್ಟರು. ಗೌಡರ ಹೆಂಡತಿ ಬಾಗಿಲಿಗೆ ಒರಗಿ ನಿಂತರು. ನಾನು ಮೊಲೆ ಹಿಂಡಿ ಕೈ ತೆಗೆದೆ. ಕೆಂಪಿ ಕಾಲೆತ್ತಿ ಚೆಂಬನ್ನು ಗೋಡೆಗೆ ಒದ್ದಳು.

‘ಅಯ್ಯೋ, ಓದಿದ್ ಕೈಗೆ ಆಲು ಬರಾಕಿಲ್ಲ ಬುಡಿ’ ಎಂದು ಆಕೆ ಸೆರಗು ಬಾಯಿಗೆ ಹಿಡಿದು ನಕ್ಕರು. ಆಮೇಲೆ ತಾವೇ ಪಕ್ಕದಲ್ಲಿ ಕೂತರು. ‘ನೋಡಿ ಸೋಮಿ. ಇಡ್ಕಂಡಿದ್ದನ್ನ ಸಡ್ಲ ಬುಟ್ರೆ ಸಾಕು. ಕೈ ಯಾಕ್ ಕೀಳ್ತೀರ? ಕೈ ಅಲ್ಲೇ ಇರ್ಬೇಕು. ಬೆರಳು ಮರ್ತೋಗ್ಬೇಕು, ಅಷ್ಟೆ.’

ಬೆರಳು ಮರೆತುಹೋಗಬೇಕು. ನಾನು ಓದಿದ ಯಾವ ಪುಸ್ತಕದಲ್ಲೂ ಇದಕ್ಕಿಂತ ಸರಿಯಾದ ಮಾತು ಇರಲಿಲ್ಲ. ಮೂರು ಭಾನುವಾರ ಹೋದೆ. ಮೂರನೆಯ ಸಲ ಅರ್ಧ ಚೆಂಬು ಹಾಲು ಬಂತು, ಎರಡೇ ಒದೆಯಲ್ಲಿ.

ಈ ನಡುವೆ ದೊರೆಯನ್ನು ಕೇಳಿಕೊಂಡೆ: ಹತ್ತು ದಿನ ಗುಂಡಿಯ ಆಚೆಗೆ ಬಾಣ ಬಿಡುವುದಿಲ್ಲ, ಉಳಿದಿರುವುದೇ ಮೂರು. ಅವರಿಗೆ ಇಷ್ಟವಾಗಲಿಲ್ಲ, ಬಿರುಕು ಹತ್ತು ದಿನ ಕಾಯುತ್ತದೆಯೇ ಎಂದರು. ಆದರೂ ಒಪ್ಪಿದರು. ದಿನವೂ ಊಟದ ಹೊತ್ತಿನಲ್ಲಿ ಹುಲ್ಲಿನ ಬಣವೆಯ ಮುಂದೆ ಒಂದು ಮಾರು ದೂರದಲ್ಲಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಅಷ್ಟು ಹತ್ತಿರದಲ್ಲಿ ಗುರಿಯ ಚಿಂತೆಯಿಲ್ಲ, ಬಿಡುವುದೊಂದೇ ಕೆಲಸ. ಗೌಡರು ಒಂದು ಪರೀಕ್ಷೆ ಹುಡುಕಿದರು. ಗೂಟಕ್ಕೆ ಬಳಿಯುವ ಸುಣ್ಣದ ಪುಡಿಯನ್ನು ನನ್ನ ಮೂರು ಬೆರಳಿಗೆ ಹಚ್ಚಿಸುತ್ತಿದ್ದರು. ಹೆದೆಯನ್ನು ಬೆರಳಿನ ಮೊದಲ ಗೆಣ್ಣಿಗೆ ಸಿಕ್ಕಿಸಿ, ಮುಂಗೈ ಚಪ್ಪಟೆಯಾಗಿಟ್ಟು, ಮೊಣಕೈಯನ್ನು ಹಿಂದಕ್ಕೆ ಎಳೆಯುತ್ತಲೇ ಇರಬೇಕು. ಎಳೆತ ನಿಲ್ಲಬಾರದು. ಹಾಗೆ ಎಳೆಯುತ್ತಿರುವಾಗ ಬೆರಳು ಸಡಿಲವಾದರೆ ಕೈ ತಾನಾಗಿ ಕೆನ್ನೆ ಸವರಿಕೊಂಡು ಹಿಂದೆ ಸರಿದು, ಕಿವಿಯ ಕೆಳಗೆ ಕೊರಳ ಮೇಲೆ ಮೂರು ಬಿಳಿ ಗೆರೆ ಎಳೆಯುತ್ತದೆ. ಕಿತ್ತರೆ ಕೈ ಗಾಳಿಗೆ ಹಾರುತ್ತದೆ, ಕೊರಳು ಹಾಗೇ ಇರುತ್ತದೆ.

ನಾಲ್ಕು ದಿನ ಕೊರಳು ಹಾಗೇ ಇತ್ತು. ಗೌಡರು ಪ್ರತಿ ಬಾಣಕ್ಕೂ ಬಗ್ಗಿ ನೋಡಿ ‘ಇಲ್ಲ’ ಎನ್ನುತ್ತಿದ್ದರು. ಐದನೆಯ ದಿನ ದವಡೆಯ ಮೇಲೆ ಒಂದು ಚುಕ್ಕೆ. ಎಂಟನೆಯ ದಿನ ಒಂದು ಸಲ ಬಿಟ್ಟಾಗ ನನಗೆ ಬಿಟ್ಟದ್ದೇ ತಿಳಿಯಲಿಲ್ಲ. ಹೆದೆಯ ಸದ್ದು ಬೇರೆಯಾಗಿತ್ತು. ಗೌಡರು ಬಗ್ಗಿ ನೋಡಿ ‘ಬಂತು’ ಎಂದರು. ಅಂದು ಸಂಜೆ ರೈಲಿನಲ್ಲಿ ಎದುರಿಗೆ ಕೂತವರೊಬ್ಬರು ‘ಕೊರಳಿಗೆ ಏನೋ ಬಳಿದಿದೆ ಸ್ವಾಮಿ’ ಎಂದರು. ಇರಲಿ ಎಂದೆ.

ಆಮೇಲೆ ಮೂರು ವಾರ ತಂತಿ ಸಲೀಸಾಗಿ ದಾಟಿತು. ಮೂರೇ ಬಾಣ ಸಾಕಾದವು. ಹತ್ತರಲ್ಲಿ ಒಂಬತ್ತು ಗೂಟಗಳ ನಡುವೆ ಬೀಳುತ್ತಿದ್ದವು. ಅಂತರದ ಅಂಕಿಗಳು ಮಾತ್ರ ವಾರದಿಂದ ವಾರಕ್ಕೆ ಇಳಿಯುತ್ತಿದ್ದವು, ಆಚೆ ದಡ ಗುಂಡಿಯತ್ತ ವಾಲುತ್ತಿತ್ತು.

ನಾಲ್ಕನೆಯ ವಾರ ಅಳತೆಯ ದಿನ ಬೆಳಿಗ್ಗೆ ಗೌಡರು ಆಫೀಸಿಗೆ ಬಂದರು. ನಾನು ಉದ್ದದ ಗೆರೆಯೊಂದರ ನಡುವೆ ಇದ್ದೆ. ಮಸಿ ಗೆರೆಯನ್ನು ನಡುವೆ ನಿಲ್ಲಿಸುವಂತಿಲ್ಲ. ‘ನೀವು ನಡೀರಿ ಗೌಡ್ರೇ, ಆಚೆ ದಡಕ್ಕೆ ಹೋಗಿ ನಿಂತಿರಿ. ಇದು ಮುಗಿಸಿ ಬರುತ್ತೇನೆ’ ಎಂದೆ. ಅವರು ಹೋದರು. ನಾನು ಜೊತೆಗೇ ಹೊರಟಿದ್ದರೆ, ದಡ ನೋಡಿ, ಅಂದು ಬೇಡ ಎನ್ನುತ್ತಿದ್ದೆನೋ ಏನೋ. ಇದನ್ನು ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಸ್ವಲ್ಪ ಹೊತ್ತಿಗೆ ನೆಲ ಒಂದು ಸಲ ಮೇಲೆದ್ದು ಕೂತಂತಾಯಿತು. ಮಸಿಯ ಬಾಟಲಿ ಉರುಳಿ ನಕ್ಷೆಯ ಮೇಲೆಲ್ಲ ಹರಿಯಿತು. ಏರ್‌ಬ್ಲಾಸ್ಟ್. ನಾನು ಬಿಲ್ಲು, ಮೂರು ಬಾಣ ಎತ್ತಿಕೊಂಡು ಓಡಿದೆ. ಅವನ್ನು ಯಾಕೆ ಎತ್ತಿಕೊಂಡೆನೋ ಈಗಲೂ ಗೊತ್ತಿಲ್ಲ.

ಆಚೆ ದಡದ ಅಂಚು ಹೋಗಿತ್ತು. ಸುಣ್ಣದ ಗೂಟಗಳು ಇರಲಿಲ್ಲ. ಕೆಂಪು ಧೂಳು ಇಳಿದ ಮೇಲೆ ಗೌಡರು ಕಂಡರು. ಅಂಚಿನಿಂದ ಹತ್ತು ಹನ್ನೆರಡು ಅಡಿ ಕೆಳಗೆ, ಹೆಚ್ಚು ಕಡಿಮೆ ನಾವು ನಿಂತಿದ್ದ ದಡದ ಮಟ್ಟಕ್ಕೆ, ಗೋಡೆಯಿಂದ ಹೊರಚಾಚಿದ ಒಂದು ಬಂಡೆಯ ಮೇಲೆ ಬೆನ್ನು ಒತ್ತಿ ನಿಂತಿದ್ದರು. ಆ ಬಂಡೆ ಒಂದು ಹಾಸಿಗೆಯಷ್ಟು ಅಗಲ. ತಲೆಯ ಮೇಲೆ ಬಿರುಕುಬಿಟ್ಟ ದಡ ಹೊರಕ್ಕೆ ಬಾಗಿ ನಿಂತಿತ್ತು. ಮೇಲಿನಿಂದ ಹಗ್ಗ ಇಳಿಬಿಡಲು ನಾಲ್ವರು ಸುತ್ತಿ ಓಡಿದರು. ಅವರಲ್ಲೊಬ್ಬ ಅಂಚಿಗೆ ಇನ್ನೂ ಹತ್ತು ಹೆಜ್ಜೆ ಇರುವಾಗಲೇ ಒಂದು ಬುಟ್ಟಿಯಷ್ಟು ಮಣ್ಣು ಗೌಡರ ಭುಜದ ಮೇಲೆ ಸುರಿಯಿತು. ಮೇಸ್ತ್ರಿ ಕೂಗಿದ: ‘ವೇಂಡಾಂ! ಹತ್ತಿರ ಹೋಗಬೇಡಿ! ದಡವೇ ಇಳಿದುಬಿಡುತ್ತೆ!’

ಒಂದು ಸಿಡಿತದ ಹಿಂದೆ ಇನ್ನೊಂದು ಬರುವುದು ಅಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅದು ಬಂದರೆ ಬಂಡೆಯ ಮೇಲೆ ಯಾರೂ ಉಳಿಯುವುದಿಲ್ಲ. ಉಳಿದ ದಾರಿ ಒಂದೇ: ನಮ್ಮ ಕಡೆಯಿಂದ ಹಗ್ಗ ದಾಟಿಸುವುದು. ಗೌಡರ ಕಾಲ ಬಳಿ ಹಳೆಯವರು ಏಣಿ ಕಟ್ಟಲು ಬಂಡೆಗೆ ಹೊಡೆದ ಕಬ್ಬಿಣದ ಸರಳೊಂದು ಇತ್ತು. ಅವರ ಎಡಗೈ ಕಡೆ, ಎಂದರೆ ನನ್ನ ಬಲಕ್ಕೆ, ಎರಡು ಮೊಳ ದೂರದಲ್ಲಿ ಗೋಡೆಯ ಸಂದಿನಲ್ಲಿ ಒಂದು ಅರಳಿ ಗಿಡ ಬೆಳೆದಿತ್ತು. ದಾರ ಆ ಗಿಡದ ಮೇಲೆ ಬಿದ್ದರೆ ಅವರ ಕೈಗೆ ಸಿಗುತ್ತದೆ. ನನ್ನ ಕೈ ಹಳೆಯ ಚಾಳಿಯಂತೆ ಚಿಮ್ಮಿದರೆ ಬಾಣ ಎಡಕ್ಕೆ ಹೋಗುತ್ತದೆ. ಎಡಕ್ಕೆ ಗೌಡರ ಎದೆ ಇತ್ತು.

ಬಾಣದ ಮೊನೆಗೆ ಬಟ್ಟೆ ಸುತ್ತಿದೆವು. ಚುಚ್ಚದಿದ್ದರೂ ಅಲ್ಲಿ ಒಂದು ಪೆಟ್ಟು ಸಾಕು, ಕಾಲು ತಪ್ಪಲು.

ಮೊದಲ ಬಾಣ. ಹೆದರಿ ಗಿಡಕ್ಕಿಂತ ಇನ್ನೂ ಬಲಕ್ಕೆ ಗುರಿಯಿಟ್ಟೆ. ಬಹಳ ಹೊತ್ತು ಎಳೆದು ಹಿಡಿದೆ. ತೋಳು ನಡುಗಿತು. ಕೈ ಚಿಮ್ಮಿತು. ಬಾಣ ಗಿಡವನ್ನು ದಾಟಿ ಎಡಕ್ಕೆ ಹೋಗಿ ಗೌಡರ ಕಿವಿಯಿಂದ ಒಂದು ಗೇಣು ದೂರದಲ್ಲಿ ಬಂಡೆಗೆ ಬಡಿದು ಸೀಳಿತು. ಅವರು ತಲೆ ಅಲುಗಿಸಲಿಲ್ಲ.

ಎರಡನೆಯದಕ್ಕೆ ಅವಸರಪಟ್ಟೆ. ಮೊರದಲ್ಲಿ ದಾರವನ್ನು ಸರಿಯಾಗಿ ಹಾಸದೆ ಬಿಟ್ಟೆ. ದಾರ ಕಡ್ಡಿಗೆ ಸಿಕ್ಕಿಕೊಂಡು ಫಟ್ಟನೆ ತುಂಡಾಯಿತು. ಬಾಣ ನೀರಿಗೆ ಬಿತ್ತು. ಆ ಸದ್ದು ಕೇಳಲು ಎಷ್ಟು ಹೊತ್ತು ಹಿಡಿಯಿತು!

ಉಳಿದದ್ದು ಒಂದು. ಮೇಸ್ತ್ರಿ ನನ್ನ ಕೈಯಿಂದ ಮೊರ ಕಿತ್ತುಕೊಂಡು ನೆಲಕ್ಕೆ ಕುಕ್ಕರಿಸಿ ಕೂತ. ‘ಮೆದುವಾ, ಸಾರ್, ನಿಧಾನ’ ಎನ್ನುತ್ತ ಹೊಸ ದಾರವನ್ನು ಒಂದೊಂದೇ ಸುತ್ತು ಹಾಸತೊಡಗಿದ. ಅಂದು ಅವನು ‘ಅಂಬು ಸಾರ್’ ಎನ್ನಲಿಲ್ಲ. ದೊರೆ ನನ್ನ ಭುಜದ ಹಿಂದೆ ನಿಂತು, ‘ಇನ್ನೂ ದೂರಕ್ಕೆ ಗುರಿಯಿಡಿ, ಮನುಷ್ಯನಿಂದ ದೂರಕ್ಕೆ’ ಎಂದರು. ಬಿಲ್ಲನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ಸುತ್ತ ನೋಡಿದೆ.

ಆಗ ಗುಂಡಿಯ ಆಚೆಯಿಂದ ಗೌಡರ ಕೂಗು ಬಂತು.

‘ಸೋಮೀ! ಸುಣ್ಣ ಅಚ್ಕಂಡ್ರಾ?’

ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ‘ಇಲ್ಲ!’ ಎಂದು ಕೂಗಿದೆ.

‘ಮತ್ತೆ? ಅಚ್ಕಳ್ರಿ! ನಾನೆಲ್ಲಿಗ್ ಓಯ್ತೀನಿ, ಇಲ್ಲೇ ಇರ್ತೀನಿ!’

ಯಾರೋ ಅಳುವ ಧ್ವನಿಯಲ್ಲಿ ನಕ್ಕರು. ಸುಣ್ಣದ ಮಡಕೆ ನಮ್ಮ ದಡದ ಗೂಟದ ಬಳಿಯೇ ಇತ್ತು. ಮೂರು ಬೆರಳು ಅದ್ದಿದೆ. ಆ ಒಣ ಪುಡಿಯ ಸ್ಪರ್ಶದಲ್ಲಿ ಬಣವೆಯ ಮುಂದಿನ ಎಂಟನೆಯ ದಿನ ನೆನಪಾಯಿತು. ಅಲ್ಲೇ ನಿರ್ಧಾರ ಮಾಡಿದೆ. ದೂರಕ್ಕೆ ಗುರಿಯಿಟ್ಟರೆ ಅದು ನನ್ನ ಕೈಯನ್ನು ನಾನೇ ನಂಬದಿದ್ದಂತೆ. ನಂಬದ ಕೈ ಚಿಮ್ಮಿಯೇ ಚಿಮ್ಮುತ್ತದೆ. ಗಿಡಕ್ಕೇ ಗುರಿಯಿಡಬೇಕು, ಅದರ ಒಂದು ಎಲೆಗೆ.

ಎಲೆಯನ್ನು ನೋಡಿದೆ. ಮೊದಲ ಗೆಣ್ಣು. ಮುಂಗೈ ಚಪ್ಪಟೆ. ಮೊಣಕೈ ಹಿಂದಕ್ಕೆ, ಇನ್ನೂ ಹಿಂದಕ್ಕೆ. ಕೆಂಪಿಯ ಕಾಲು ನೆನಪಿಗೆ ಬಂತು. ಎಳೆಯುತ್ತಲೇ ಇದ್ದೆ.

ಯಾವಾಗ ಬಿಟ್ಟೆನೋ ತಿಳಿಯದು. ಮೊರದಿಂದ ದಾರ ಸುಯ್ಯೆಂದು ಎದ್ದದ್ದನ್ನು ಕೇಳಿದೆ. ಬಾಣ ಎಲೆಗಳ ಮೇಲಿಂದ ಹಾದು ಗೋಡೆಗೆ ತಗಲಿ ಕೆಳಕ್ಕೆ ಜಾರಿತು. ದಾರ ಗಿಡದ ಕವಲಿನಲ್ಲಿ ನಿಂತಿತು. ಗೌಡರು ಕೈ ಚಾಚಿದರು. ಸಿಕ್ಕಿತು.

ಉಳಿದದ್ದು ಮೇಸ್ತ್ರಿಯ ಕೆಲಸ. ದಾರದ ಹಿಂದೆ ಹುರಿ, ಹುರಿಯ ಹಿಂದೆ ದಪ್ಪ ಹಗ್ಗ ಹೋಯಿತು. ಗೌಡರು ಕಲ್ಲೊಂದರಿಂದ ಸರಳನ್ನು ಕುಟ್ಟಿ ಅದರ ಸದ್ದು ಕೇಳಿ, ತಲೆಯಾಡಿಸಿ, ಗಂಟು ಹಾಕಿದರು. ಆಮೇಲೆ ಎರಡನೆಯ ಗಂಟು. ಈಚೆ ತುದಿಯನ್ನು ಹದಿನೈದು ಜನ ಎಳೆದು ಮರದ ಕಂಬಕ್ಕೆ ಬಿಗಿದರು. ಹಗ್ಗದ ಮೇಲೆ ಗಾಲಿ, ಗಾಲಿಯ ಕೆಳಗೆ ಹಲಗೆಯ ತೊಟ್ಟಿಲು. ತೊಟ್ಟಿಲಿಗೆ ಎರಡು ಹುರಿ: ಒಂದರಿಂದ ಅವರು ಆಚೆಗೆ ಎಳೆದುಕೊಳ್ಳಬೇಕು, ಇನ್ನೊಂದರಿಂದ ನಾವು ಈಚೆಗೆ. ಅವರು ಹಲಗೆಯ ಮೇಲೆ ಕೂತು ಕೈಯೆತ್ತಿದರು. ಎಳೆದೆವು. ಅವರು ಗುಂಡಿಯ ನಡುವನ್ನು ದಾಟಿ ನಮ್ಮ ಕಡೆಗೆ ಬರುತ್ತಿದ್ದಾಗ ಆಚೆಯ ದಡ ಸದ್ದಿಲ್ಲದೆ ಬಾಗಿ, ಅವರು ನಿಂತಿದ್ದ ಬಂಡೆಯ ಮೇಲೆ ಇಳಿಯಿತು. ಸರಳು ಕಿತ್ತು ಹಗ್ಗ ಸಡಿಲವಾಯಿತು. ಹಲಗೆ ಜೋತು ಬಂದು ನಮ್ಮ ಕಡೆಯ ಗೋಡೆಗೆ ಬಡಿಯಿತು. ಅಷ್ಟರಲ್ಲಿ ಅವರು ಅಂಚಿಗೆ ಎರಡು ಮಾರಿನಷ್ಟು ಹತ್ತಿರ ಬಂದಿದ್ದರು, ಎಳೆದುಕೊಂಡೆವು.

ಎರಡು ಮಾರು. ಇನ್ನೂ ಹಿಂದೆ ಇದ್ದಿದ್ದರೆ ಪೆಟ್ಟು ಬೇರೆಯಾಗುತ್ತಿತ್ತು. ಇದನ್ನೂ ನಾನು ಆಗಾಗ ಅಳೆಯುತ್ತಿರುತ್ತೇನೆ.

ಗೌಡರ ಮೊಣಕಾಲು ಸುಲಿದಿತ್ತು. ಮೇಸ್ತ್ರಿ ಅವರ ಎರಡೂ ಕೆನ್ನೆ ಹಿಡಿದುಕೊಂಡು ‘ಅಪ್ಪಾ, ಅಪ್ಪಾ’ ಎನ್ನುತ್ತಿದ್ದ. ಗೌಡರು ನೀರು ಕುಡಿದು, ಬಾಯಿಯ ಮಣ್ಣು ಉಗುಳಿ, ನನ್ನನ್ನು ಹತ್ತಿರಕ್ಕೆ ಕರೆದರು. ಏನೋ ಹೇಳುತ್ತಾರೆಂದು ಬಗ್ಗಿದೆ. ಅವರು ನನ್ನ ಗದ್ದ ಹಿಡಿದು ಮುಖವನ್ನು ಪಕ್ಕಕ್ಕೆ ತಿರುಗಿಸಿ ಕೊರಳು ನೋಡಿದರು.

‘ಮೂರೂ ಬಂದವೆ’ ಎಂದರು.

ನಾನು ಅಲ್ಲೇ ಕೂತುಬಿಟ್ಟೆ.

ಆ ಗುಂಡಿಯ ಅಳತೆಯನ್ನು ದೊರೆ ನಿಲ್ಲಿಸಿದರು. ಸುತ್ತ ಬೇಲಿ ಹಾಕಿಸಿದರು. ಮಸಿ ಚೆಲ್ಲಿದ ನಕ್ಷೆಯನ್ನು ಮತ್ತೆ ಎಳೆದೆ. ಅರ್ಧ ಎಳೆದ ಗೆರೆಯ ಹತ್ತಿರ ಬಂದಾಗ ಪೆನ್ನು ತಡೆದು, ಮಸಿ ಗುಂಡಗೆ ನಿಂತು ಎರಡು ಹಾಳೆ ಕೆಟ್ಟವು. ಪೆನ್ನಿನ ಚಿಮ್ಮು ಇಂದಿಗೂ ಹಾಗೇ ಇದೆ. ಅದು ಬೇಕು, ಅದು ಅನ್ನ ಕೊಡುವ ಕೈ.

ಮುಂದಿನ ಭಾನುವಾರ ಕ್ಯಾಸಂಬಳ್ಳಿ ಕಡೆಗೆ ಸೈಕಲ್ಲು ತುಳಿದೆ. ಗೌಡರು ಕುಂಟುತ್ತ ಹೊಲಕ್ಕೆ ಹೋಗಿದ್ದರು. ಅವರ ಹೆಂಡತಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಮೊದಲ ಬಾಣ ಅವರ ಕಿವಿಯ ಪಕ್ಕ ಹೋದದ್ದನ್ನೂ, ಒಂದು ಗೆರೆಗಾಗಿ ಅವರನ್ನು ಒಬ್ಬರೇ ಕಳಿಸಿದ್ದನ್ನೂ ಹೇಳಲೇಬೇಕಿತ್ತು. ಹೇಳಿದೆ. ಆಕೆ ಕೇಳಿಸಿಕೊಂಡರು. ಒಳಗೆ ಹೋಗಿ ಚೆಂಬು ತಂದು ನನ್ನ ಕೈಗೆ ಕೊಟ್ಟರು.

‘ಇವತ್ತು ಕೈ ನಡುಗುತ್ತಿದೆ ತಾಯಿ. ಕೆಂಪಿ ಒದೆಯುತ್ತಾಳೆ’ ಎಂದೆ.

‘ನಡುಗ್ಲಿ ಬುಡಿ’ ಎಂದರು. ‘ಕೀಳ್ಬ್ಯಾಡಿ, ಅಷ್ಟೆ.’

ಕೂತೆ. ಚೆಂಬು ತುಂಬುವವರೆಗೂ ಕೆಂಪಿ ಕಾಲು ಎತ್ತಲಿಲ್ಲ.